ವಿಡಿಯೊ ಸಂಕಲನಕ್ಕೆ ಮೊದಲು: ಕ್ಲಿಪ್‌ಗಳನ್ನು ಒಳತಂದು ಒಪ್ಪವಾಗಿ ಜೋಡಿಸಿಕೊಳ್ಳುವ ಕ್ರಮ

ಮೂಡಿಗೆರೆಯ ಹತ್ತಿರದ ಒಂದು ಕಾಫಿ ತೋಟದಲ್ಲಿ ವರ್ಷವಿಡೀ ನಡೆಯುವ ಕೆಲಸವನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ನಾನು ಹಾಸನದ ಮನೆಯಲ್ಲಿ ಕುಳಿತು ಸಂಕಲಿಸುತ್ತಿದ್ದೇನೆ. ಅದಕ್ಕೆ ಈವರೆಗೆ ಸಾವಿರಕ್ಕೂ ಹೆಚ್ಚು ಕ್ಲಿಪ್‌ಗಳು ಸೇರಿವೆ. ಎರಡು ಕ್ಯಾಮೆರಾ, ಒಂದು ಡ್ರೋನ್, ಒಂದು ಧ್ವನಿಮುದ್ರಕ ಮತ್ತು ತೋಟದ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಅವರ ಮೊಬೈಲು, ಹೀಗೆ ಐದು ಮೂಲಗಳಿಂದ ಬಂದ ಈ ಕ್ಲಿಪ್‌ಗಳು ಹೂಮಳೆಯಿಂದ (ಕಾಫಿ ಹೂ ಅರಳಿಸುವ ಮಳೆ) ಹಿಡಿದು ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು), ಮಳೆಗಾಲ, ಕೊಯ್ಲು ಮತ್ತು ಕಣದ ಕೆಲಸದವರೆಗೆ ಬೇರೆ ಬೇರೆ ತಿಂಗಳುಗಳಲ್ಲಿ ಚಿತ್ರೀಕರಣಗೊಂಡಿವೆ. ಇವುಗಳಲ್ಲಿ ಬೇಕಾದುದನ್ನು ಬೇಕಾದಾಗ ಅರ್ಧ ನಿಮಿಷದೊಳಗೆ ತೆರೆದುಕೊಳ್ಳಲು ಇಂದು ನನಗೆ ಸಾಧ್ಯವಾಗುತ್ತಿರುವುದು ಕ್ಲಿಪ್‌ಗಳನ್ನು ಒಳತರುವ ದಿನವೇ ಒಂದು ಕ್ರಮವನ್ನು ಪಾಲಿಸುವುದರಿಂದ. ಆ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಮದುವೆ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಮಾಡುವವರಿಗೂ ಇದು ಹಾಗೆಯೇ ಒದಗುತ್ತದೆ. ವಿವರಗಳನ್ನು ಸಂಕಲನ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ಆಧರಿಸಿ ಕೊಟ್ಟಿದ್ದೇನೆ. ಅಡೋಬಿ ಪ್ರೀಮಿಯರ್ ಪ್ರೊ ಬಳಸುವವರಿಗೆ ವ್ಯತ್ಯಾಸವಾಗುವ ಕಡೆ ಅದನ್ನೂ ಸೂಚಿಸಿದ್ದೇನೆ.

ತಂತ್ರಾಂಶಕ್ಕೆ ಗೊತ್ತಿರುವುದು ವಿಳಾಸ ಮಾತ್ರ

ಕ್ಲಿಪ್ ಒಂದನ್ನು ‘ಇಂಪೋರ್ಟ್’ ಮಾಡಿದೊಡನೆ ಅದು ತಂತ್ರಾಂಶದ ಒಳಗೆ ಬಂದು ಕುಳಿತಿತು ಎಂದು ಹೊಸದಾಗಿ ಕಲಿಯುವವರು ಭಾವಿಸುವುದು ಸಹಜ. ವಾಸ್ತವದಲ್ಲಿ ರಿಸಾಲ್ವ್ ಮೂಲ ಕಡತವನ್ನು ಕದಲಿಸುವುದೂ ಇಲ್ಲ, ನಕಲು ಮಾಡಿಕೊಳ್ಳುವುದೂ ಇಲ್ಲ. ಆ ಕಡತ ಯಾವ ಡಿಸ್ಕಿನ ಯಾವ ಫೋಲ್ಡರ್‌ನಲ್ಲಿ ಯಾವ ಹೆಸರಿನಿಂದ ಇದೆ ಎಂಬುದನ್ನು ಬರೆದಿಟ್ಟುಕೊಂಡು, ನೀವು ಪ್ಲೇ ಒತ್ತಿದಾಗಲೆಲ್ಲ ಅಲ್ಲಿಗೆ ಹೋಗಿ ಓದಿಕೊಂಡು ಬರುತ್ತದೆ. ಪ್ರೀಮಿಯರ್ ಕೂಡ, ನೀವಾಗಿ ‘ಇಂಜೆಸ್ಟ್’ ಸೌಲಭ್ಯವನ್ನು ಆನ್ ಮಾಡಿ ನಕಲು ಮಾಡಲು ಹೇಳದ ಹೊರತು, ಇದನ್ನೇ ಮಾಡುತ್ತದೆ. ಆದ್ದರಿಂದ ಕಾರ್ಡ್ ರೀಡರ್‌ನಲ್ಲಿರುವ ಕಾರ್ಡಿನಿಂದ ಕ್ಲಿಪ್‌ಗಳನ್ನು ನೇರವಾಗಿ ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಎಳೆದು ಹಾಕಿದರೆ ಆ ಹೊತ್ತಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಆದರೆ ಕಾರ್ಡನ್ನು ಹೊರತೆಗೆದ ಕ್ಷಣ ಅಷ್ಟೂ ಕ್ಲಿಪ್‌ಗಳು ಕೆಂಪಾಗಿ ‘ಮೀಡಿಯಾ ಆಫ್‌ಲೈನ್’ ಎಂದು ತೋರಿಸುತ್ತವೆ. ಡೆಸ್ಕ್‌ಟಾಪಿನ ಮೇಲೆ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಅಥವಾ ಯಾರೋ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಬಿಟ್ಟ ಕ್ಲಿಪ್‌ಗಳಿಗೂ ಇದೇ ಗತಿ. ಮೊದಲು ಪ್ರತಿಯೊಂದು ಕಡತಕ್ಕೂ ಬದಲಾಗದ ಒಂದು ವಿಳಾಸವನ್ನು ಗೊತ್ತುಮಾಡಬೇಕು, ಆಮೇಲೆ ತಂತ್ರಾಂಶವನ್ನು ತೆರೆಯಬೇಕು. ಮುಂದೆ ಹೇಳುವ ಹೆಚ್ಚಿನ ಮಾತುಗಳು ಇದರಿಂದಲೇ ಹೊರಡುತ್ತವೆ.

ಕಾರ್ಡಿನಿಂದ ಡಿಸ್ಕಿಗೆ

ಡಿಸ್ಕಿನ ಮೇಲೆ ಕೆಲಸಕ್ಕೊಂದರಂತೆ ಒಂದೇ ಒಂದು ತಾಯಿ ಫೋಲ್ಡರ್ ಇರಲಿ. ಅದರೊಳಗೆ ಮೂಲ ವಿಡಿಯೊ, ಧ್ವನಿ, ಸಂಗೀತ, ಚಿತ್ರ ಮತ್ತು ಶೀರ್ಷಿಕೆ, ಪ್ರಾಕ್ಸಿ (ಸಂಕಲನಕ್ಕೆ ಮಾಡಿಕೊಳ್ಳುವ ಹಗುರ ಪ್ರತಿಗಳು), ಪ್ರಾಜೆಕ್ಟ್ ಬ್ಯಾಕಪ್, ಸಿದ್ಧ ವಿಡಿಯೊ ಎಂದು ಒಳಫೋಲ್ಡರ್‌ಗಳನ್ನು ಮಾಡಿ, ಅವು ಸದಾ ಒಂದೇ ಸಾಲಿನಲ್ಲಿ ನಿಲ್ಲುವಂತೆ ಹೆಸರಿನ ಮುಂದೆ 01, 02 ಎಂದು ಅಂಕಿ ಹಾಕಿ. ಹೀಗೆ ಮಾಡಿದ ಖಾಲಿ ಫೋಲ್ಡರ್‌ಗಳ ಒಂದು ಮಾದರಿಯನ್ನು ಇಟ್ಟುಕೊಂಡರೆ ಪ್ರತಿ ಹೊಸ ಕೆಲಸಕ್ಕೂ ಅದನ್ನೇ ನಕಲಿಸಿಕೊಳ್ಳಬಹುದು. ಮೂಲ ವಿಡಿಯೊ ಫೋಲ್ಡರ್‌ನಲ್ಲಿ ಚಿತ್ರೀಕರಣದ ದಿನಕ್ಕೊಂದು ಫೋಲ್ಡರ್ ಮಾಡಬೇಕು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2025-03-22 ಎಂದು ಬರೆಯಿರಿ. ನಮ್ಮ ರೂಢಿಯಂತೆ 22-03-2025 ಎಂದು ಬರೆದರೆ ಕಂಪ್ಯೂಟರ್ ದಿನದ ಅಂಕಿಯನ್ನು ಮೊದಲು ನೋಡುವುದರಿಂದ ಡಿಸೆಂಬರ್ 1ರ ಕೊಯ್ಲು ಮಾರ್ಚ್ 22ರ ಹೂವಿಗಿಂತ ಮೊದಲು ಬಂದು ನಿಲ್ಲುತ್ತದೆ. ದಿನಾಂಕದ ಫೋಲ್ಡರ್‌ನೊಳಗೆ ಕ್ಯಾಮೆರಾಕ್ಕೊಂದು, ಕಾರ್ಡಿಗೊಂದು ಫೋಲ್ಡರ್ ಬರಬೇಕು: ಎ ಕ್ಯಾಮೆರಾ ಕಾರ್ಡ್ 1, ಬಿ ಕ್ಯಾಮೆರಾ ಕಾರ್ಡ್ 1, ಡ್ರೋನ್, ಮೊಬೈಲ್ ಎಂಬಂತೆ.

ಕಾರ್ಡಿಗೊಂದು ಫೋಲ್ಡರ್ ಎಂದು ಒತ್ತಿ ಹೇಳಲು ಕಾರಣವಿದೆ. ಈ ಕೆಲಸದ ಮೊದಲ ವರ್ಷದ ಮಾರ್ಚ್‌ನಲ್ಲಿ ನಾನು ಒಂದೇ ಮಾದರಿಯ ಎರಡು ಕ್ಯಾಮೆರಾಗಳಲ್ಲಿ ಕಾಫಿ ಹೂವನ್ನು ಚಿತ್ರೀಕರಿಸಿದ್ದೆ. ಎರಡೂ ಕ್ಯಾಮೆರಾಗಳು ತಮ್ಮ ಕಡತಗಳಿಗೆ ಸಿ0001, ಸಿ0002 ಎಂದೇ ಹೆಸರಿಡುತ್ತಿದ್ದವು. ರಾತ್ರಿ ಹನ್ನೊಂದರ ಹೊತ್ತಿಗೆ ಎ ಕ್ಯಾಮೆರಾದ ಕ್ಲಿಪ್‌ಗಳನ್ನು ‘ಹೂ’ ಎಂಬ ಫೋಲ್ಡರ್‌ಗೆ ಹಾಕಿ, ಅದೇ ಫೋಲ್ಡರ್‌ಗೆ ಬಿ ಕ್ಯಾಮೆರಾದ ಕ್ಲಿಪ್‌ಗಳನ್ನೂ ಸುರಿದೆ. ಅದೇ ಹೆಸರಿನ ಕಡತಗಳಿವೆ, ಅವುಗಳ ಜಾಗದಲ್ಲಿ ಇವನ್ನು ಇಡಲೇ ಎಂದು ವಿಂಡೋಸ್ ಕೇಳಿತು. ನಾನು ಪೂರ್ತಿ ಓದದೆ ಒಪ್ಪಿಗೆ ಒತ್ತಿದೆ. ಬೆಳಿಗ್ಗೆ ಎರಡೂ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಚಿತ್ರೀಕರಣ ಶುರುಮಾಡಿದ ಮೇಲೆ, ಎ ಕ್ಯಾಮೆರಾದಲ್ಲಿ ರೆಕ್ಕೆಗಳ (ಕಾಫಿ ಗಿಡದ ಅಡ್ಡಕೊಂಬೆಗಳ) ಹತ್ತಿರ ಕುಳಿತು ತೆಗೆದಿದ್ದ 34 ಕ್ಲಿಪ್‌ಗಳು ಎಲ್ಲಿಯೂ ಇಲ್ಲವೆಂಬುದು ತಿಳಿಯಿತು. ಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಅರಳುವ ಕಾಫಿ ಹೂ ನಿಲ್ಲುವುದು ಎರಡು ಮೂರು ದಿನ. ಆ ಚಿತ್ರಗಳನ್ನು ಮತ್ತೆ ತೆಗೆಯಲು ಮುಂದಿನ ವರ್ಷದ ಹೂಮಳೆಯವರೆಗೆ ಕಾಯಬೇಕಾಯಿತು. ಧಾರೆಯನ್ನೋ ರಥೋತ್ಸವವನ್ನೋ ಚಿತ್ರೀಕರಿಸುವವರಿಗೆ ಎರಡನೆಯ ಅವಕಾಶ ಅಷ್ಟು ಮಾತ್ರವೂ ಇರುವುದಿಲ್ಲ.

ನಕಲು ಮಾಡುವಾಗ ಕಾರ್ಡಿನ ಒಳಗಿನಿಂದ ವಿಡಿಯೊ ಕಡತಗಳನ್ನು ಮಾತ್ರ ಹೆಕ್ಕಿ ತೆಗೆಯಬೇಡಿ. ಕಾರ್ಡಿನ ಮೇಲೆ ಕ್ಯಾಮೆರಾ ಮಾಡಿಕೊಂಡಿರುವ ಫೋಲ್ಡರ್‌ಗಳನ್ನೆಲ್ಲ ಇದ್ದ ಹಾಗೆಯೇ ನಕಲಿಸಿ. ವಿಡಿಯೊದ ಜೊತೆಗಿರುವ ಚಿಕ್ಕ ಚಿಕ್ಕ ಕಡತಗಳಲ್ಲಿ ಕ್ಲಿಪ್‌ಗೆ ಸಂಬಂಧಿಸಿದ ಮಾಹಿತಿ ಇರುತ್ತದೆ. ದೀರ್ಘ ಚಿತ್ರೀಕರಣವನ್ನು ಹಲವು ಕ್ಯಾಮೆರಾಗಳು ತುಂಡು ತುಂಡಾಗಿ ಬರೆಯುತ್ತವೆ, ಏಕೆಂದರೆ ಫ್ಯಾಟ್32 ಕ್ರಮದ ಕಾರ್ಡಿನಲ್ಲಿ ಒಂದು ಕಡತ 4 ಜಿಬಿಯನ್ನು ಮೀರುವಂತಿಲ್ಲ. ಎವಿಸಿಎಚ್‌ಡಿ ಮಾದರಿಯ ಕ್ಯಾಮೆರಾಗಳಲ್ಲಿ ಆ ತುಂಡುಗಳನ್ನು ಸೀಳಿಲ್ಲದೆ ಜೋಡಿಸಲು ಕಾರ್ಡಿನ ಮೂಲ ಫೋಲ್ಡರ್ ರಚನೆ ಅಗತ್ಯವಾಗುತ್ತದೆ. ಪ್ರೀಮಿಯರ್‌ನಲ್ಲಿ ಇಂತಹ ಕ್ಲಿಪ್‌ಗಳನ್ನು ‘ಮೀಡಿಯಾ ಬ್ರೌಸರ್’ ಮೂಲಕವೇ ತರಬೇಕು, ಏಕೆಂದರೆ ಅದು ಕಾರ್ಡಿನ ರಚನೆಯನ್ನು ಓದಿ ತುಂಡುಗಳನ್ನು ಒಂದೇ ಕ್ಲಿಪ್ಪಾಗಿ ತೋರಿಸುತ್ತದೆ.

ಸಾಮಾನ್ಯ ಕಾಪಿ ಪೇಸ್ಟ್‌ಗಿಂತ, ಬರೆದುದನ್ನು ಮತ್ತೆ ಓದಿ ಮೂಲಕ್ಕೆ ಹೋಲಿಸಿ ನೋಡುವ ಸಾಧನವನ್ನು ಬಳಸುವುದು ಒಳ್ಳೆಯದು. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿರುವ ‘ಕ್ಲೋನ್ ಟೂಲ್’ ಇದನ್ನೇ ಮಾಡುತ್ತದೆ. ಅದರಲ್ಲಿ ಒಂದು ಕೆಲಸವನ್ನು ಸೇರಿಸಿ, ಕಾರ್ಡನ್ನು ಮೂಲವೆಂದೂ ಎರಡು ಬೇರೆ ಬೇರೆ ಡಿಸ್ಕ್‌ಗಳ ಫೋಲ್ಡರ್‌ಗಳನ್ನು ಗುರಿಯೆಂದೂ ತೋರಿಸಿದರೆ ಒಂದೇ ಸಲಕ್ಕೆ ಎರಡು ನಕಲುಗಳಾಗುತ್ತವೆ. ವಿಂಡೋಸ್‌ನಲ್ಲಿ ಟೆರಾಕಾಪಿ ಎಂಬ ಸಾಧನಕ್ಕೂ ಹೀಗೆ ಪರಿಶೀಲಿಸುವ ಸಾಮರ್ಥ್ಯವಿದೆ. ಎರಡು ನಕಲುಗಳಾಗಿ, ಎರಡರಲ್ಲೂ ಮೊದಲ, ನಡುವಿನ ಮತ್ತು ಕೊನೆಯ ಕ್ಲಿಪ್‌ಗಳನ್ನು ತೆರೆದು ನೋಡುವವರೆಗೆ ಕಾರ್ಡನ್ನು ಅಳಿಸಬಾರದು. ಅಳಿಸುವುದಾದರೂ ಕ್ಯಾಮೆರಾದೊಳಗೆ ಫಾರ್ಮ್ಯಾಟ್ ಮಾಡಬೇಕೇ ಹೊರತು ಕಂಪ್ಯೂಟರಿನಲ್ಲಿ ಅಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ವಿದ್ಯುತ್ ಯಾವ ಹೊತ್ತಿನಲ್ಲಿ ಹೋಗುತ್ತದೆಂದು ಹೇಳಲಾಗುವುದಿಲ್ಲವಾದ್ದರಿಂದ ತೋಟದಲ್ಲಿಯೇ ನಕಲು ಮಾಡುವ ದಿನ ನಾನು ಬ್ಯಾಟರಿ ತುಂಬಿರುವ ಲ್ಯಾಪ್‌ಟಾಪನ್ನೇ ಬಳಸುತ್ತೇನೆ. ಬರೆಯುತ್ತಿರುವಾಗ ನಡುವೆ ವಿದ್ಯುತ್ ಕಡಿದರೆ ಒಂದು ಕ್ಲಿಪ್ ಅಷ್ಟೇ ಅಲ್ಲದೆ ಇಡೀ ಡಿಸ್ಕಿನ ಪಟ್ಟಿಯೇ ಕೆಡುವ ಸಂಭವವಿರುತ್ತದೆ.

ಜಾಗದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆಯುವ ಕ್ಯಾಮೆರಾ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ, ಎರಡು ನಕಲಿಗೆ 90 ಜಿಬಿ ಬೇಕಾಗುತ್ತದೆ.

ಪ್ರಾಜೆಕ್ಟ್ ತೆರೆದೊಡನೆ ಫ್ರೇಮ್ ರೇಟ್

ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಮೇಲೆ, ಒಂದು ಕ್ಲಿಪ್ಪನ್ನೂ ಒಳತರುವುದಕ್ಕೆ ಮೊದಲು, ಬಲಗಡೆ ಕೆಳಮೂಲೆಯ ಚಕ್ರದ ಗುರುತನ್ನು ಒತ್ತಿ ‘ಮಾಸ್ಟರ್ ಸೆಟ್ಟಿಂಗ್ಸ್’ ವಿಭಾಗದಲ್ಲಿ ಟೈಮ್‌ಲೈನ್ ಫ್ರೇಮ್ ರೇಟನ್ನು, ಎಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು (ಫ್ರೇಮ್) ಎಂಬುದನ್ನು, ನಿರ್ಧರಿಸಿ. ಕ್ಲಿಪ್‌ಗಳು ಬಂದು ಸೇರಿದ ಮೇಲೆ ಪ್ರಾಜೆಕ್ಟಿನ ಈ ಅಂಕಿಯನ್ನು ಬದಲಿಸಲು ಬಿಡುವುದಿಲ್ಲ. ನಮ್ಮ ದೇಶದಲ್ಲಿ ದೂರದರ್ಶನದ ಮಾನಕ ಸೆಕೆಂಡಿಗೆ 25 ಫ್ರೇಮ್ ಆಗಿದೆ, ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿದೆ. ಆದ್ದರಿಂದ 25 ಫ್ರೇಮ್ ಮತ್ತು ಐವತ್ತನೆಯ ಒಂದು ಸೆಕೆಂಡಿನ ಶಟರ್‌ನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುವ ತೊಂದರೆಯೂ ತಪ್ಪುತ್ತದೆ. ನಾನು ಎಲ್ಲ ಕೆಲಸಗಳಿಗೂ 25 ಅನ್ನೇ ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನೀವು ಒಳತರುವ ಮೊದಲ ಕ್ಲಿಪ್ಪಿನ ಫ್ರೇಮ್ ರೇಟು ಪ್ರಾಜೆಕ್ಟಿನದಕ್ಕೆ ಹೊಂದದಿದ್ದರೆ, ಪ್ರಾಜೆಕ್ಟಿನದನ್ನು ಬದಲಿಸಲೇ ಎಂದು ರಿಸಾಲ್ವ್ ಒಂದು ಪೆಟ್ಟಿಗೆಯಲ್ಲಿ ಕೇಳುತ್ತದೆ. ಮೊದಲು ಎಳೆದು ತಂದದ್ದು ಮೊಬೈಲಿನ 30 ಫ್ರೇಮಿನ ಕ್ಲಿಪ್ಪಾಗಿದ್ದು ನೀವು ‘ಚೇಂಜ್’ ಎಂದು ಒತ್ತಿದರೆ, ಮುಖ್ಯ ಕ್ಯಾಮೆರಾದ ನೂರಾರು ಕ್ಲಿಪ್‌ಗಳು ಆ ಒಂದು ಮೊಬೈಲ್ ಕ್ಲಿಪ್ಪಿನ ಲಯಕ್ಕೆ ಹೊಂದಿಕೊಳ್ಳಬೇಕಾಗುತ್ತದೆ ಮತ್ತು ನಿಧಾನವಾಗಿ ತಿರುಗಿಸಿ ತೆಗೆದ ಪ್ರತಿಯೊಂದು ದೃಶ್ಯದಲ್ಲಿಯೂ ಸಣ್ಣ ತೊಡರು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಕ್ಲಿಪ್ ಮುಖ್ಯ ಕ್ಯಾಮೆರಾದ್ದೇ ಆಗಿರಲಿ.

ಒಳತರುವುದು ಮತ್ತು ಬಿನ್‌ಗಳು

ಮೀಡಿಯಾ ಪುಟದ ಎಡಮೇಲ್ಭಾಗದಲ್ಲಿ ಡಿಸ್ಕ್‌ಗಳ ಪಟ್ಟಿ ಕಾಣುತ್ತದೆ, ಕೆಳಗೆ ಒಳತಂದ ಕ್ಲಿಪ್‌ಗಳು ಸೇರುವ ‘ಮೀಡಿಯಾ ಪೂಲ್’ ಇರುತ್ತದೆ. ಮೇಲಿನ ಪಟ್ಟಿಯಲ್ಲಿ ದಿನಾಂಕದ ಫೋಲ್ಡರನ್ನು ಹುಡುಕಿ, ಅದರ ಮೇಲೆ ಬಲಕ್ಲಿಕ್ ಮಾಡಿ, ಒಳಫೋಲ್ಡರ್‌ಗಳನ್ನೂ ಸೇರಿಸಿ ಬಿನ್‌ಗಳನ್ನು (ತಂತ್ರಾಂಶದೊಳಗಿನ ಫೋಲ್ಡರ್‌ಗಳನ್ನು) ರಚಿಸುವ ಆಯ್ಕೆಯನ್ನು ಆರಿಸಿ. ಡಿಸ್ಕಿನಲ್ಲಿ ನೀವು ಮಾಡಿದ ರಚನೆಯೇ ಮೀಡಿಯಾ ಪೂಲ್‌ನಲ್ಲಿ ಬಿನ್‌ಗಳಾಗಿ ಮೂಡುತ್ತದೆ. ಪ್ರೀಮಿಯರ್‌ನಲ್ಲಿ ಇಡೀ ಫೋಲ್ಡರನ್ನು ಪ್ರಾಜೆಕ್ಟ್ ಪ್ಯಾನಲ್‌ಗೆ ತಂದರೂ ಇದೇ ಫಲ ದೊರೆಯುತ್ತದೆ. ಡ್ರೋನ್ ಮತ್ತು ಆಕ್ಷನ್ ಕ್ಯಾಮೆರಾಗಳ ಕಾರ್ಡಿನಲ್ಲಿ ಎಲ್‌ಆರ್‌ಎಫ್, ಎಲ್‌ಆರ್‌ವಿ ಎಂದು ಕೊನೆಯಾಗುವ ಕಡಿಮೆ ಗುಣಮಟ್ಟದ ಪ್ರತಿಗಳೂ ಇರುತ್ತವೆ. ಅವು ಮೊಬೈಲಿನಲ್ಲಿ ಬೇಗ ನೋಡಲು ಮಾಡಿದಂಥವು, ಅವನ್ನು ಒಳತರುವ ಅಗತ್ಯವಿಲ್ಲ.

ಈ ಮೊದಲ ಸುತ್ತಿನ ಬಿನ್‌ಗಳು ‘ಯಾವ ದಿನ, ಯಾವ ಕ್ಯಾಮೆರಾ’ ಎಂಬುದನ್ನು ಮಾತ್ರ ಹೇಳುತ್ತವೆ. ಇವನ್ನು ಹಾಗೆಯೇ ಬಿಡಿ. ಹಲವರು ಇವುಗಳೊಳಗೆ ಮತ್ತೆ ಹೂ, ಜೇನು, ಆಳುಗಳು, ಸ್ಪ್ರಿಂಕ್ಲರ್, ಮಂಜು ಎಂದು ಮರಿಬಿನ್‌ಗಳನ್ನು ಮಾಡಿ ಕ್ಲಿಪ್‌ಗಳನ್ನು ಹಂಚುತ್ತಾರೆ. ನಾನೂ ಹಾಗೆ ಮಾಡಿ ನೋಡಿದ್ದೇನೆ ಮತ್ತು ಅದು ದಾರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕ್ಲಿಪ್ಪಿನಲ್ಲಿ ಹೂವೂ ಜೇನೂ ಎರಡೂ ಇದ್ದರೆ ಅದನ್ನು ಯಾವ ಬಿನ್‌ನಲ್ಲಿ ಇಟ್ಟಿರೆಂಬುದು ಎರಡು ತಿಂಗಳ ಬಳಿಕ ನಿಮಗೇ ನೆನಪಿರುವುದಿಲ್ಲ. ಬಿನ್‌ಗಳು ಕಡಿಮೆ ಇರಲಿ. ಕೈಯಿಂದ ಮಾಡಬೇಕಾದವು ಟೈಮ್‌ಲೈನ್‌ಗಳಿಗೆ ಒಂದು, ಸಂದರ್ಶನಗಳಿಗೆ ಒಂದು, ಧ್ವನಿಗೆ ಒಂದು, ಶೀರ್ಷಿಕೆಗಳಿಗೆ ಒಂದು ಎಂಬಂತೆ ನಾಲ್ಕೈದು ಮಾತ್ರ. ಹೊಸ ಬಿನ್‌ಗೆ ರಿಸಾಲ್ವ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ವಿಷಯವಾರು ವಿಂಗಡಣೆಯನ್ನು ಕೀವರ್ಡ್‌ಗಳಿಗೆ, ಎಂದರೆ ಹುಡುಕಲೆಂದು ಕ್ಲಿಪ್ಪಿಗೆ ಬರೆದಿಡುವ ಪದಗಳಿಗೆ, ಬಿಡಬೇಕು.

ಕನ್ನಡದಲ್ಲಿ ಕೀವರ್ಡ್

ಮಾರ್ಚ್ 22ರ ಒಂದು ಕ್ಲಿಪ್ಪನ್ನು ಉದಾಹರಣೆಯಾಗಿ ನೋಡೋಣ. 41 ಸೆಕೆಂಡಿನದು. ಆರಂಭದಲ್ಲಿ ಕ್ಯಾಮೆರಾ ಸ್ಪ್ರಿಂಕ್ಲರ್‌ನ ನೀರಿನಿಂದ ನಿಧಾನವಾಗಿ ತಿರುಗಿ ಅರೇಬಿಕಾ ಗಿಡದ ಒಂದು ರೆಕ್ಕೆಯ ಮೇಲೆ ನಿಲ್ಲುತ್ತದೆ. ಗಣ್ಣು ಗಣ್ಣಿಗೂ ಹೂ ಕಿಕ್ಕಿರಿದಿದೆ. 12ನೆಯ ಸೆಕೆಂಡಿನಲ್ಲಿ ಜೇನುಹುಳುವೊಂದು ಎಡಗಡೆಯಿಂದ ಬಂದು ಕುಳಿತು 20ನೆಯ ಸೆಕೆಂಡಿನವರೆಗೆ ಅಲ್ಲಿಯೇ ಇರುತ್ತದೆ. 28ರ ಬಳಿಕ ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಕಡೆಯಿಂದ ಯಾರೋ ಕೂಗುವ ದನಿ ಕೇಳಿಸುತ್ತದೆ. ಈ ಕ್ಲಿಪ್ಪಿಗೆ ಮೀಡಿಯಾ ಪುಟದ ಬಲಗಡೆಯ ಮೆಟಾಡೇಟಾ ಫಲಕದಲ್ಲಿ ‘ಹೂ’, ‘ಜೇನು’, ‘ಸ್ಪ್ರಿಂಕ್ಲರ್’, ‘ಅರೇಬಿಕಾ’, ‘ಹತ್ತಿರದ ನೋಟ’ ಎಂದು ಐದು ಕೀವರ್ಡ್‌ಗಳನ್ನು ಕೊಟ್ಟಿದ್ದೇನೆ. ಟಿಪ್ಪಣಿಯ ಜಾಗದಲ್ಲಿ ‘12ರಿಂದ 20 ಬಹಳ ಚೆನ್ನಾಗಿದೆ, 28ರ ನಂತರ ದನಿ ಬಳಸಬಾರದು’ ಎಂದು ಬರೆದಿದ್ದೇನೆ. 12ನೆಯ ಸೆಕೆಂಡಿನ ಮೇಲೆ ಎಂ ಕೀಲಿ ಒತ್ತಿ ಒಂದು ಮಾರ್ಕರ್ ಇಟ್ಟಿದ್ದೇನೆ. ಕ್ಲಿಪ್ಪಿನ ಬಣ್ಣವನ್ನು ಹಸಿರು ಮಾಡಿದ್ದೇನೆ, ನನ್ನ ಲೆಕ್ಕದಲ್ಲಿ ಹಸಿರೆಂದರೆ ಬಳಸಲೇಬೇಕಾದದ್ದು. ಇಷ್ಟಕ್ಕೆ ಹಿಡಿದದ್ದು ಒಂದು ನಿಮಿಷ. ಒಂದೇ ಬಗೆಯ ಹತ್ತಾರು ಕ್ಲಿಪ್‌ಗಳಿದ್ದರೆ ಅವನ್ನು ಒಟ್ಟಿಗೆ ಆಯ್ದುಕೊಂಡು ಒಂದೇ ಸಲ ಕೀವರ್ಡ್ ಬರೆದು ಉಳಿಸಬಹುದು.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದಾಗಿ, ಯೂನಿಕೋಡ್‌ನಲ್ಲಿಯೇ ಟೈಪಿಸಬೇಕು. ಲಗ್ನಪತ್ರಿಕೆ, ಬ್ಯಾನರ್‌ಗಳ ವಿನ್ಯಾಸಕ್ಕೆ ನಮ್ಮ ಊರುಗಳಲ್ಲಿ ಇನ್ನೂ ಬಳಕೆಯಲ್ಲಿರುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರಶೈಲಿಯಲ್ಲಿ ಟೈಪಿಸಿದರೆ ಮೀಡಿಯಾ ಪೂಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎರಡನೆಯದು ವಿಭಕ್ತಿಯ ಸಮಸ್ಯೆ. ತಂತ್ರಾಂಶದ ಹುಡುಕಾಟಕ್ಕೆ ಕನ್ನಡದ ವ್ಯಾಕರಣ ತಿಳಿಯದು, ಅದು ಅಕ್ಷರಕ್ಕೆ ಅಕ್ಷರವನ್ನು ಹೋಲಿಸುತ್ತದೆ. ‘ಹೂವು’ ಎಂದು ಹುಡುಕಿದರೆ ‘ಹೂವಿನ ಗೊಂಚಲು’ ಎಂದು ಬರೆದ ಕ್ಲಿಪ್ ಬರುವುದಿಲ್ಲ, ‘ಹೂ’ ಎಂದು ಹುಡುಕಿದರೆ ಎರಡೂ ಬರುತ್ತವೆ. ‘ಹಣ್ಣು’ ಎಂದರೆ ‘ಹಣ್ಣಿನ ಬುಟ್ಟಿ’ ತಪ್ಪಿಹೋಗುತ್ತದೆ. ಆದ್ದರಿಂದ ಕೀವರ್ಡ್‌ಗಳನ್ನು ಪ್ರತ್ಯಯವಿಲ್ಲದೆ, ಒಂದೊಂದೇ ಪದವಾಗಿ ಬರೆಯಬೇಕು ಮತ್ತು ಹುಡುಕುವಾಗ ಪದದ ಬದಲಾಗದ ಮೊದಲ ಭಾಗವನ್ನಷ್ಟೇ ಟೈಪಿಸಬೇಕು. ಮೂರನೆಯದು ಕಾಗುಣಿತ. ಕೊಯ್ಲು, ಕುಯ್ಲು, ಕೊಯಿಲು ಎಂಬ ಮೂರು ರೂಪಗಳೂ ನಮ್ಮ ಬಳಕೆಯಲ್ಲಿವೆ, ಕಂಪ್ಯೂಟರಿಗೆ ಅವು ಮೂರು ಬೇರೆ ಪದಗಳು. ನಾನು ‘ಕೊಯ್ಲು’ ಎಂಬುದನ್ನು ಆಯ್ದುಕೊಂಡು, ಇಂತಹ ಸುಮಾರು ನಲವತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಆ ಪಟ್ಟಿಯ ಹೊರಗಿನ ಪದವನ್ನು ಸೇರಿಸುವುದಕ್ಕೆ ಮೊದಲು ಅದೇ ಅರ್ಥದ ಪದ ಪಟ್ಟಿಯಲ್ಲಿದೆಯೇ ಎಂದು ನೋಡುತ್ತೇನೆ.

ಕನ್ನಡದ ಹೆಸರುಗಳು ತಂತ್ರಾಂಶದ ಒಳಗಿರಲಿ, ಡಿಸ್ಕಿನ ಫೋಲ್ಡರ್ ಮತ್ತು ಕಡತಗಳ ಹೆಸರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳನ್ನೇ ಬಳಸುವುದು ಕ್ಷೇಮ. ಕಾರ್ಡ್‌ಗಳನ್ನು ಓದುವ ಮತ್ತು ಕಡತಗಳನ್ನು ಪರಿವರ್ತಿಸುವ ಎಲ್ಲ ಸಾಧನಗಳೂ ಕನ್ನಡ ಲಿಪಿಯನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ಪಿನ ಹೆಸರನ್ನು ಎಷ್ಟು ಸಲ ಬದಲಿಸಿದರೂ ಡಿಸ್ಕಿನ ಕಡತದ ಹೆಸರು ಹಾಗೆಯೇ ಇರುತ್ತದೆ. ಡಿಸ್ಕಿಗೆ ಹೋಗಿ ಕಡತದ ಹೆಸರನ್ನೇ ಬದಲಿಸಿದರೆ ಮಾತ್ರ ವಿಳಾಸ ತಪ್ಪುತ್ತದೆ. ಒಳತಂದ ಮೇಲೆ ಡಿಸ್ಕಿನಲ್ಲಿ ಏನನ್ನೂ ಮರುಹೆಸರಿಸಬಾರದು.

ಕೀವರ್ಡ್ ಬರೆದ ಶ್ರಮಕ್ಕೆ ಫಲ ಸಿಗುವುದು ಸ್ಮಾರ್ಟ್ ಬಿನ್‌ಗಳಲ್ಲಿ. ಮೀಡಿಯಾ ಪೂಲ್‌ನ ಬಿನ್ ಪಟ್ಟಿಯ ಕೆಳಭಾಗದಲ್ಲಿ ಬಲಕ್ಲಿಕ್ ಮಾಡಿ ಹೊಸ ಸ್ಮಾರ್ಟ್ ಬಿನ್ ಸೇರಿಸಿ, ಕೀವರ್ಡಿನಲ್ಲಿ ‘ಹೂ’ ಇರಬೇಕು, ಕ್ಲಿಪ್ಪಿನ ಬಣ್ಣ ಹಸಿರಾಗಿರಬೇಕು ಎಂದು ಎರಡು ಷರತ್ತುಗಳನ್ನು ಕೊಟ್ಟರೆ, ಎರಡು ವರ್ಷಗಳ ಎಲ್ಲ ಕಾರ್ಡುಗಳಿಂದ ಅಂತಹ ಕ್ಲಿಪ್‌ಗಳು ತಾವಾಗಿ ಒಂದೆಡೆ ಸೇರುತ್ತವೆ. ಮುಂದಿನ ತಿಂಗಳು ಒಳತರುವ ಹೊಸ ಕ್ಲಿಪ್ಪಿಗೆ ಅದೇ ಕೀವರ್ಡ್ ಮತ್ತು ಬಣ್ಣ ಕೊಟ್ಟರೆ ಅದೂ ಬಂದು ಕೂಡುತ್ತದೆ. ಕ್ಲಿಪ್ಪೇನೂ ತನ್ನ ಮೂಲ ಬಿನ್‌ನಿಂದ ಕದಲುವುದಿಲ್ಲ, ಒಂದೇ ಕ್ಲಿಪ್ ಐದು ಸ್ಮಾರ್ಟ್ ಬಿನ್‌ಗಳಲ್ಲಿ ಕಾಣಿಸಿಕೊಳ್ಳಬಹುದು. ಪ್ರೀಮಿಯರ್‌ನಲ್ಲಿ ಇದಕ್ಕೆ ‘ಸರ್ಚ್ ಬಿನ್’ ಎನ್ನುತ್ತಾರೆ.

ಕೀವರ್ಡ್ ಬರೆಯುವ ಕೆಲಸವನ್ನು ಚಿತ್ರೀಕರಣದ ಮರುದಿನವೇ ಮುಗಿಸಿ. ಯಾವ ಗಿಡದ ಹತ್ತಿರ ನಿಂತಿದ್ದಿರಿ, ಯಾರು ಮಾತನಾಡುತ್ತಿದ್ದರು ಎಂಬುದೆಲ್ಲ ಆಗ ನೆನಪಿನಲ್ಲಿ ಹಸಿಯಾಗಿರುತ್ತದೆ. ಸಂದರ್ಶನ ಕೊಟ್ಟವರ ಹೆಸರು, ಊರು ಮತ್ತು ಕೆಲಸವನ್ನು ಅವರನ್ನೇ ಕೇಳಿ, ಅವರು ಹೇಳಿದ ರೂಪದಲ್ಲಿಯೇ ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ಮೂವತ್ತು ವರ್ಷ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನಡೆಸಿದ ಒಬ್ಬ ಹಿರಿಯರ ಹೆಸರು ಪರದೆಯ ಮೇಲೆ ತಪ್ಪಾಗಿ ಬರುವುದು ಅವರಿಗೆ ಮಾಡುವ ಅಗೌರವವಾಗುತ್ತದೆ.

ಮೊಬೈಲಿನಿಂದ ಬಂದ ಕ್ಲಿಪ್‌ಗಳು

ಹೂಮಳೆ ಹೇಳಿ ಬರುವುದಿಲ್ಲ. ಹಾಸನದಿಂದ ನಾನು ಹೊರಟು ತಲುಪುವಷ್ಟರಲ್ಲಿ ಮಳೆ ನಿಂತಿರುತ್ತದೆ. ಆದ್ದರಿಂದ ಮಳೆಯ ದೃಶ್ಯಗಳನ್ನು ತೋಟದ ರೈಟರ್ ಅವರೇ ತಮ್ಮ ಮೊಬೈಲಿನಲ್ಲಿ ತೆಗೆದು ಕಳುಹಿಸುತ್ತಾರೆ. ಇಂತಹ ಕ್ಲಿಪ್‌ಗಳಿಗೆ ಮೂರು ತೊಡಕುಗಳಿರುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದೇ ಕಳುಹಿಸಿದರೆ ಅದು ಕಡತವನ್ನು ಕುಗ್ಗಿಸುತ್ತದೆ, ಮಳೆಯ ಎಳೆಗಳು ಕಲಸಿದಂತಾಗಿ ಚೌಕಚೌಕವಾಗುತ್ತವೆ. ಅದೇ ಕಡತವನ್ನು ‘ಡಾಕ್ಯುಮೆಂಟ್’ ಎಂದು ಲಗತ್ತಿಸಿದರೆ 2 ಜಿಬಿವರೆಗಿನ ಕಡತಗಳು ಮೂಲ ಗುಣಮಟ್ಟದಲ್ಲಿಯೇ ತಲುಪುತ್ತವೆ. ಇದನ್ನು ರೈಟರ್ ಅವರಿಗೆ ಒಮ್ಮೆ ತೋರಿಸಿಕೊಟ್ಟೆ, ಅಂದಿನಿಂದ ಅವರು ಹಾಗೆಯೇ ಕಳುಹಿಸುತ್ತಿದ್ದಾರೆ. ಎರಡನೆಯದಾಗಿ, ವಾಟ್ಸ್‌ಆ್ಯಪ್ ಕೊಡುವ ಹೆಸರಿನಲ್ಲಿರುವ ದಿನಾಂಕವನ್ನು ಚಿತ್ರೀಕರಣದ ದಿನಾಂಕವೆಂದು ನಂಬಬಾರದು, ಅದು ಕ್ಲಿಪ್ ರವಾನೆಯಾದ ದಿನದ್ದಾಗಿರುತ್ತದೆ. ಕರೆ ಮಾಡಿ ಕೇಳಿ ಸರಿಯಾದ ದಿನದ ಫೋಲ್ಡರ್‌ಗೆ ಹಾಕಬೇಕು.

ಮೂರನೆಯದು ಹೆಚ್ಚು ಗಂಭೀರವಾದದ್ದು. ಮೊಬೈಲುಗಳು ಬೆಳಕಿಗೂ ತಮ್ಮ ಕೆಲಸದ ಒತ್ತಡಕ್ಕೂ ತಕ್ಕಂತೆ ಫ್ರೇಮ್ ರೇಟನ್ನು ಕ್ಷಣಕ್ಷಣಕ್ಕೂ ಏರಿಳಿಸುತ್ತವೆ. ಸಂಕಲನದ ತಂತ್ರಾಂಶಗಳು ಸ್ಥಿರವಾದ ದರವನ್ನು ನಿರೀಕ್ಷಿಸುವುದರಿಂದ ಮಾತನಾಡುವವರ ತುಟಿಗೂ ದನಿಗೂ ನಡುವಿನ ಅಂತರ ಕ್ಲಿಪ್ ಸಾಗಿದಂತೆ ಹೆಚ್ಚುತ್ತಾ ಹೋಗಬಹುದು. ಪರಿಹಾರವೆಂದರೆ ಒಳತರುವುದಕ್ಕೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕ್ಲಿಪ್ಪನ್ನು ತೆರೆದು, ವಿಡಿಯೊ ವಿಭಾಗದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು ಪರಿವರ್ತಿಸಿಕೊಳ್ಳುವುದು. ಮೂಲ 30 ಇದ್ದರೆ ಸ್ಥಿರವಾದ 30ಕ್ಕೇ ಪರಿವರ್ತಿಸಿ, 25ಕ್ಕೆ ಹೊಂದಿಸುವುದನ್ನು ಟೈಮ್‌ಲೈನಿಗೆ ಬಿಡಿ. ಪರಿವರ್ತಿಸಿದ ಕಡತವನ್ನು ಮೂಲದ ಪಕ್ಕದಲ್ಲಿಯೇ ಬೇರೆ ಫೋಲ್ಡರ್‌ನಲ್ಲಿಟ್ಟು, ಅದನ್ನು ಮಾತ್ರ ಒಳತರಬೇಕು. ಐಫೋನ್ ಬಳಸುವವರು ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಪಾಲ್’ (25 ಫ್ರೇಮಿನ ಟಿವಿ ಮಾನಕ) ಮಾದರಿಗಳನ್ನು ತೋರಿಸುವ ಗುಂಡಿಯನ್ನು ಒತ್ತಿದರೆ 25 ಫ್ರೇಮಿನಲ್ಲಿಯೇ ತೆಗೆಯಬಹುದು.

ಧ್ವನಿ ಮತ್ತು ಪ್ರಾಕ್ಸಿ

ಧ್ವನಿಮುದ್ರಕದಲ್ಲಿ 48 ಕಿಲೊಹರ್ಟ್ಸ್ ಆಯ್ಕೆ ಮಾಡಿಕೊಳ್ಳಿ, ವಿಡಿಯೊಗಳಲ್ಲಿ ಬಳಕೆಯಲ್ಲಿರುವುದು ಅದೇ. ಬೇರೆಯಾಗಿ ಮುದ್ರಿಸಿದ ಧ್ವನಿಯನ್ನು ಕ್ಯಾಮೆರಾದ ಕ್ಲಿಪ್ಪಿಗೆ ಕೂಡಿಸಲು ಎರಡನ್ನೂ ಮೀಡಿಯಾ ಪೂಲ್‌ನಲ್ಲಿ ಆಯ್ದು, ಬಲಕ್ಲಿಕ್ ಮಾಡಿ, ಅಲೆಯ ಆಕಾರದ ಆಧಾರದ ಮೇಲೆ ಹೊಂದಿಸುವ ‘ಆಟೊ ಸಿಂಕ್ ಆಡಿಯೊ’ ಆಯ್ಕೆ ಕೊಟ್ಟರೆ ಸಾಕು. ಇದಕ್ಕೆ ಕ್ಯಾಮೆರಾದ ಸ್ವಂತ ಮೈಕ್ ಕೂಡ ಚಾಲನೆಯಲ್ಲಿದ್ದಿರಬೇಕು. ಪ್ರತಿ ಸಂದರ್ಶನದ ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಯಂತ್ರ ಸೋತಾಗ ಕೈಯಿಂದ ಹೊಂದಿಸಬಹುದು. ಸಂಗೀತವನ್ನು ಎಲ್ಲಿಂದ ಪಡೆದಿರಿ, ಬಳಸುವ ಅನುಮತಿ ಏನಿದೆ ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಬರೆದು ಆ ಸಂಗೀತದ ಪಕ್ಕದಲ್ಲಿಯೇ ಇಡಿ.

4ಕೆ ಕ್ಲಿಪ್‌ಗಳು ನಿಮ್ಮ ಕಂಪ್ಯೂಟರಿನಲ್ಲಿ ನಿಂತು ನಿಂತು ಓಡುತ್ತಿದ್ದರೆ ಹೊಸ ಯಂತ್ರ ಕೊಳ್ಳುವ ಯೋಚನೆಗೆ ಮೊದಲು ಪ್ರಾಕ್ಸಿಗಳನ್ನು ಮಾಡಿಕೊಳ್ಳಿ. ಕ್ಲಿಪ್‌ಗಳನ್ನು ಆಯ್ದು ಬಲಕ್ಲಿಕ್ ಮಾಡಿ ‘ಜನರೇಟ್ ಪ್ರಾಕ್ಸಿ ಮೀಡಿಯಾ’ ಒತ್ತಿದರೆ ಹಗುರವಾದ ಪ್ರತಿಗಳು ಸಿದ್ಧವಾಗುತ್ತವೆ. ಸಂಕಲನ ಅವುಗಳ ಮೇಲೆ ನಡೆಯುತ್ತದೆ, ಅಂತಿಮ ವಿಡಿಯೊವನ್ನು ಮೂಲದಿಂದಲೇ ತೆಗೆಯಬಹುದು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಕೆಲಸ ಮುಗಿದಿರುತ್ತದೆ.

ಕೆಂಪು ಕ್ಲಿಪ್‌ಗಳು ಕಂಡಾಗ, ಮತ್ತು ಕೆಲಸವನ್ನು ಸ್ಥಳಾಂತರಿಸುವಾಗ

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ದಿನ ಎಲ್ಲ ಕ್ಲಿಪ್‌ಗಳೂ ಆಫ್‌ಲೈನ್ ಎಂದು ಕಾಣಬಹುದು. ಸಾಮಾನ್ಯವಾಗಿ ಕಾರಣ ಸಣ್ಣದಿರುತ್ತದೆ. ವಿಂಡೋಸ್ ಹೊರಗಿನ ಡಿಸ್ಕಿಗೆ ನಿನ್ನೆ ಇ ಎಂಬ ಅಕ್ಷರ ಕೊಟ್ಟಿದ್ದು ಇಂದು ಎಫ್ ಎಂದು ಕೊಟ್ಟಿರುತ್ತದೆ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಆ ಡಿಸ್ಕಿಗೆ ಹಳೆಯ ಅಕ್ಷರವನ್ನೇ ಕೊಟ್ಟರೆ ವಿಳಾಸ ಮತ್ತೆ ಕೂಡಿಕೊಳ್ಳುತ್ತದೆ. ಸಂಕಲನದ ಡಿಸ್ಕಿಗೆ ಮೊದಲೇ ವರ್ಣಮಾಲೆಯ ಕೊನೆಯ ಕಡೆಯ ಅಕ್ಷರವೊಂದನ್ನು ನಿಗದಿಪಡಿಸಿದರೆ ಬೇರೆ ಪೆನ್‌ಡ್ರೈವ್‌ಗಳು ಅದನ್ನು ಆಕ್ರಮಿಸುವ ಸಂಭವ ಕಡಿಮೆ. ಫೋಲ್ಡರೇ ಬೇರೆಡೆಗೆ ಹೋಗಿದ್ದರೆ ಕ್ಲಿಪ್‌ಗಳನ್ನು ಆಯ್ದು ‘ರೀಲಿಂಕ್’ ಆಯ್ಕೆಯಲ್ಲಿ ಹೊಸ ಜಾಗವನ್ನು ತೋರಿಸಿ. ಪ್ರೀಮಿಯರ್‌ನಲ್ಲಿ ಇದು ‘ಲಿಂಕ್ ಮೀಡಿಯಾ’ ಎಂಬ ಹೆಸರಿನಲ್ಲಿದೆ. ದಿನ ಮತ್ತು ಕಾರ್ಡಿನ ಪ್ರಕಾರ ಫೋಲ್ಡರ್‌ಗಳಿದ್ದರೆ ಹೊಸ ಜಾಗವನ್ನು ಕಾರ್ಡಿನಿಂದ ಕಾರ್ಡಿಗೆ ನಿಖರವಾಗಿ ತೋರಿಸಬಹುದು, ಎ ಕ್ಯಾಮೆರಾದ ಸಿ0001ರ ಜಾಗದಲ್ಲಿ ಬಿ ಕ್ಯಾಮೆರಾದ ಸಿ0001 ಬಂದು ಕುಳಿತುಕೊಳ್ಳುವ ಗೊಂದಲ ಆಗುವುದಿಲ್ಲ.

ಕೆಲಸವನ್ನು ಬೇರೆ ಯಂತ್ರಕ್ಕೆ ಒಯ್ಯುವಾಗ ರಿಸಾಲ್ವ್ ಮತ್ತು ಪ್ರೀಮಿಯರ್‌ಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರೀಮಿಯರ್‌ನ ಪ್ರಾಜೆಕ್ಟ್ ಒಂದು ಕಡತ, ಅದು ನಿಮ್ಮ ತಾಯಿ ಫೋಲ್ಡರ್‌ನಲ್ಲಿಯೇ ಇರುತ್ತದೆ. ರಿಸಾಲ್ವ್‌ನ ಪ್ರಾಜೆಕ್ಟ್ ಇರುವುದು ಆ ಕಂಪ್ಯೂಟರಿನ ಪ್ರಾಜೆಕ್ಟ್ ಲೈಬ್ರರಿಯಲ್ಲಿ. ವಿಡಿಯೊಗಳಿರುವ ಡಿಸ್ಕನ್ನು ಮಾತ್ರ ಒಯ್ದರೆ ಕೀವರ್ಡ್, ಮಾರ್ಕರ್, ಟೈಮ್‌ಲೈನ್ ಎಲ್ಲವೂ ಹಳೆಯ ಯಂತ್ರದಲ್ಲಿಯೇ ಉಳಿದಿರುತ್ತವೆ. ಆದ್ದರಿಂದ ಪ್ರತಿ ವಾರ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಬಲಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಟ್ಟು, ಸಿಗುವ ಚಿಕ್ಕ ಕಡತವನ್ನು ತಾಯಿ ಫೋಲ್ಡರ್‌ನ ಬ್ಯಾಕಪ್ ಜಾಗದಲ್ಲಿ ದಿನಾಂಕ ಸಹಿತ ಇಡಿ. ಕೆಲಸ ಪೂರ್ತಿ ಮುಗಿದಾಗ ಅಥವಾ ಒಂದು ಪ್ರತಿಯನ್ನು ಬೇರೆಡೆ ಇಡುವಾಗ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್’ ಕೊಟ್ಟರೆ ಪ್ರಾಜೆಕ್ಟೂ ಅದಕ್ಕೆ ಸೇರಿದ ಎಲ್ಲ ಕ್ಲಿಪ್‌ಗಳೂ ಒಂದೇ ಫೋಲ್ಡರ್‌ನಲ್ಲಿ ಕಟ್ಟು ಕಟ್ಟಿದಂತೆ ಸಿದ್ಧವಾಗುತ್ತವೆ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರಲ್ಲಿ ನಡೆದಾಗ ಅನೇಕರು ಟೇಪ್‌ನಲ್ಲಿ ಚಿತ್ರೀಕರಿಸಿದ್ದರು, 2018ರ ಹೊತ್ತಿಗೆ ಎಲ್ಲರ ಕೈಯಲ್ಲಿ ಕಾರ್ಡುಗಳಿದ್ದವು. ಹನ್ನೆರಡು ವರ್ಷಕ್ಕೊಮ್ಮೆ ಬರುವಂತಹ ದೃಶ್ಯಗಳನ್ನು ಕಾಪಾಡಲು ಒಂದು ಡಿಸ್ಕ್ ಸಾಲದು. ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯಿಂದ ಹೊರಗಿರಲಿ. ನನ್ನ ಮೂರನೆಯ ಪ್ರತಿ ಚಿಕ್ಕಮಗಳೂರಿನಲ್ಲಿರುವ ಅಕ್ಕನ ಮನೆಯ ಬೀರುವಿನಲ್ಲಿ, ಮಳೆಗಾಲದ ತೇವ ತಾಗದಂತೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿದೆ. ಆರು ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಡಿಸ್ಕನ್ನು ಅವರ ಮಗನ ಲ್ಯಾಪ್‌ಟಾಪ್‌ಗೆ ಜೋಡಿಸಿ, ಆರ್ಕೈವನ್ನು ತೆರೆದು, ಟೈಮ್‌ಲೈನನ್ನು ಮೊದಲಿನಿಂದ ಕೊನೆಯವರೆಗೆ ಸರಿಸಿ ನೋಡುತ್ತೇನೆ. ಅಲ್ಲಿ ಒಂದು ಕ್ಲಿಪ್ಪೂ ಕೆಂಪಾಗಿ ಕಾಣದಿದ್ದರೆ ಮಾತ್ರ ಹಾಸನಕ್ಕೆ ಹಿಂದಿರುಗಿ ಕೆಲಸದ ಡಿಸ್ಕಿನಿಂದ ಹಳೆಯ ಪ್ರಾಕ್ಸಿಗಳನ್ನು ಅಳಿಸಿ, ಮುಂದಿನ ಚಿತ್ರೀಕರಣಕ್ಕೆ ಜಾಗ ಮಾಡಿಕೊಳ್ಳುತ್ತೇನೆ.